ದಂಡ ಬೇಡಿದವಳು

"ಲೈಟ್ ಹಾಕಿದ್ದು ಯಾರು?" ಎಂದು ಕೇಳಿದ ಉಲ್ಲಾಸ.

ಹಿರಿಯೂರಿನ ಆ ಬಾಡಿಗೆ ಮನೆಯ ಹಾಲಿನಲ್ಲಿ ಆಗ ಇದ್ದವರು ಇಬ್ಬರೇ, ಅವನು ಮತ್ತು ಅವನ ಅಕ್ಕ ಇಂಚರ. ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದವನು ಅವನೇ. ಇಂಚರ ನೆಲದ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಇನ್ಯಾರು ಹಾಕ್ತಾರೋ? ನೀನೇ ತಾನೆ ಹಾಕಿದ್ದು?"

"ಇಲ್ಲ ಅಕ್ಕ. ನಾನು ಒತ್ತೋಕೆ ಮುಂಚೆನೇ ಹತ್ಕೊಳ್ತು."

ತಮಾಷೆ ಮಾಡುತ್ತಿದ್ದಾನೆಂದು ಅವಳು ನಕ್ಕಳು. ಅವನು ನಗಲಿಲ್ಲ. ಆರಿಸಿದ, ಹಾಕಿದ, ಮತ್ತೆ ಆರಿಸಿದ. ಗೋಡೆಯ ಆಚೆ ನಿಂತು ಯಾರೋ ತನಗಿಂತ ಮೊದಲು ಒತ್ತುತ್ತಿದ್ದಾರೇನೋ ಎಂಬಂತೆ ತನ್ನ ಬೆರಳನ್ನೇ ದಿಟ್ಟಿಸಿದ. ಆಮೇಲೆ "ಹೋಗ್ಲಿ ಬಿಡು, ನಿದ್ದೆ ಕಮ್ಮಿ ಆಗಿರ್ಬೇಕು" ಎಂದು ಒಳಗೆ ಹೋದ. ಯಾಕೆ ಹೀಗಾಗುತ್ತಿದೆ ಎಂದು ಊಹಿಸಬಲ್ಲವಳು ಇಂಚರ ಒಬ್ಬಳೇ. ಆದರೆ ಮುಂದಿನ ಭಾನುವಾರ ವರ್ಷದ ಕೊನೆಯ ರೇಸ್ ಇತ್ತು, ಹಾಗಾಗಿ ಊಹಿಸುವುದು ಬೇಡವೆಂದು ಅವರೆಕಾಯಿಯ ಕಡೆ ತಿರುಗಿದಳು.

ಪಟ್ಟಿಯ ವಿಷಯ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಹಿಂದೆ ಕಾರ್ ರೇಸುಗಳಲ್ಲಿ ಡ್ರೈವರ್ ತಪ್ಪು ಮಾಡಿದರೆ ಅವನ ಸಮಯಕ್ಕೆ ಐದೋ ಹತ್ತೋ ಸೆಕೆಂಡು ಸೇರಿಸುತ್ತಿದ್ದರು. ಶಿಕ್ಷೆ ಎಂದು ಮಾಡಿದ್ದನ್ನು ತಂಡದವರು ಬೆಲೆ ಎಂದು ತಿಳಿದರು. ಪಕ್ಕದವನನ್ನು ತಳ್ಳಿದರೆ ಸಿಗುವ ಲಾಭ ಇಷ್ಟು, ದಂಡ ಇಷ್ಟು, ಮಿಕ್ಕಿದ್ದು ನಮಗೆ, ಹಾಗಾದರೆ ತಳ್ಳು! ಅಂಥದ್ದೊಂದು ತಳ್ಳಾಟದಲ್ಲಿ ಹೊಸ ಡ್ರೈವರೊಬ್ಬ ಗೋಡೆಗೆ ಅಪ್ಪಳಿಸಿ ಸತ್ತ. ಊರೆಲ್ಲ ಉಗಿದ ಮೇಲೆ ರೇಸ್ ಮಂಡಳಿಯವರಿಗೆ ಬುದ್ಧಿ ಬಂತು, ವಿಳಂಬ ಪಟ್ಟಿಯೂ ಬಂತು.

ಹೆಲ್ಮೆಟ್ಟಿನ ಕೆಳಗೆ ಕತ್ತಿನ ಹಿಂಭಾಗಕ್ಕೆ ಆತುಕೊಳ್ಳುವ ಅಂಗೈ ಅಗಲದ ಪಟ್ಟಿ ಅದು. ಟ್ರ್ಯಾಕಿನ ಗೋಪುರದಲ್ಲಿ ಕೂತ ತೀರ್ಪುಗಾರರು ತಪ್ಪು ಕಂಡಾಗ ಒಂದು ಗುಂಡಿ ಒತ್ತುತ್ತಾರೆ. ಪಟ್ಟಿ ನರಗಳಿಗೆ ಸಣ್ಣ ವಿದ್ಯುತ್ ಮಿಡಿತ ಕೊಡುತ್ತದೆ. ಅಲ್ಲಿಂದಾಚೆ ಮೆದುಳು ಕೈಕಾಲಿಗೆ ಕಳಿಸಿದ ಆಜ್ಞೆ ಒಂಚೂರು ತಡವಾಗಿ ತಲುಪುತ್ತದೆ. ತಡ ಅಂದರೆ ಎಷ್ಟು? ರೆಪ್ಪೆ ಮಿಟುಕಿಸುವುದಕ್ಕೂ ಸಾಲದಷ್ಟು. ಮನೆಯಲ್ಲಿ ಕಾಫಿ ಕುಡಿಯುವವನಿಗೆ ಅದು ಗೊತ್ತೂ ಆಗದು. ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಅವನೇ ಹೆದರಿ ವೇಗ ಇಳಿಸುತ್ತಾನೆ, ಅಂತರ ಬಿಡುತ್ತಾನೆ. ರೇಸ್ ಮುಗಿದ ಮೇಲೆ ಬಿಡುಗಡೆಯ ಮಿಡಿತ ಕೊಟ್ಟರೆ ಎಲ್ಲ ಮೊದಲಿನಂತೆ. ಇದನ್ನು ಯಾರೂ ಲೆಕ್ಕ ಹಾಕಿ ಕೊಂಡುಕೊಳ್ಳಲಾರರು ಎಂದು ಮಂಡಳಿಯವರು ಬೀಗಿದರು.

ಚಾಪೆ ಕೆಳಗೆ ತೂರುವವರಿದ್ದರೆ ರಂಗೋಲಿ ಕೆಳಗೆ ತೂರುವವರೂ ಇರುತ್ತಾರಲ್ಲ, ಇಂಚರ ಅಂಥವಳು. ಉಲ್ಲಾಸನ ತಂಡದ ಎಂಜಿನಿಯರ್ ಅವಳು. ರೇಸ್ ನಡೆಯುವಾಗ ಅವನ ಕಿವಿಯಲ್ಲಿ ಮಾತಾಡುವ ಹಕ್ಕು ಇದ್ದದ್ದು ಅವಳೊಬ್ಬಳಿಗೆ. ಅವರದು ಸಣ್ಣ ತಂಡ, ಹಳೆಯ ಕಾರು. ದೊಡ್ಡ ತಂಡಗಳನ್ನು ಎಂಜಿನ್ನಿನಲ್ಲಿ ಸೋಲಿಸುವುದು ಕನಸಿನ ಮಾತು. ಆದರೆ ಅವಳಿಗೆ ಒಂದು ವಿಷಯ ಹೊಳೆದಿತ್ತು. ದೂರದೇಶದವರ ಜೊತೆ ವಿಡಿಯೋದಲ್ಲಿ ಮಾತಾಡುವಾಗ ಅವರ ದನಿ ತಡವಾಗಿ ಬಂದರೆ ಮೊದಮೊದಲು ಇಬ್ಬರ ಮಾತೂ ಡಿಕ್ಕಿಯಾಗುತ್ತದೆ. ಹತ್ತು ನಿಮಿಷ ಕಳೆದರೆ ಇಬ್ಬರೂ ಒಗ್ಗಿಕೊಳ್ಳುತ್ತಾರೆ. ಮೆದುಳು ತಡವನ್ನು ಅಳೆದು, ಅಷ್ಟೇ ಮುಂಚಿತವಾಗಿ ಹೊರಡಲು ಕಲಿಯುತ್ತದೆ. ಹಾಗಿದ್ದರೆ ಕೈಗೂ ಅದನ್ನೇ ಯಾಕೆ ಕಲಿಸಬಾರದು?

ಪ್ರತಿ ತಂಡಕ್ಕೂ ಮಂಡಳಿಯವರು ಅಳತೆ ನೋಡಲೆಂದು ಒಂದು ಹೆಚ್ಚುವರಿ ಪಟ್ಟಿ ಕೊಡುತ್ತಾರೆ, ಅದನ್ನು ಗೋಪುರದ ಗುಂಡಿಯಿಲ್ಲದೆ ಕೈಯಿಂದಲೇ ಚಾಲೂ ಮಾಡಬಹುದು, ಹಾಗಾಗಿ ಮೊಹರು ಹಾಕಿ ಬೀಗದಲ್ಲಿಡಬೇಕು. ಇಂಚರ ಮೊಹರು ಒಡೆದು ಅದನ್ನು ಮನೆಗೆ ತಂದಳು. ಉಲ್ಲಾಸ ಅದನ್ನು ಕತ್ತಿಗೆ ಕಟ್ಟಿಕೊಂಡೇ ತಿಂಡಿ ತಿಂದ, ಹಲ್ಲುಜ್ಜಿದ, ಹಾಲಿನಲ್ಲಿ ಇಟ್ಟಿದ್ದ ಅಭ್ಯಾಸದ ಸ್ಟೀರಿಂಗಿನ ಮುಂದೆ ದಿನವಿಡೀ ಕೂತ. ಮೊದಲ ವಾರ ಲೋಟಗಳು ಒಡೆದವು. ತಿಂಗಳು ಕಳೆಯುವಷ್ಟರಲ್ಲಿ ಅವನು ವಿಳಂಬದಲ್ಲೂ ನೀರು ಕುಡಿದಷ್ಟು ಸಲೀಸಾಗಿ ಓಡಿಸುತ್ತಿದ್ದ.

ಆಮೇಲೆ ನೋಡಬೇಕಿತ್ತು ಅವರ ಆಟ. ಪ್ರತಿ ರೇಸಿನ ಮೊದಲ ತಿರುವಿನಲ್ಲೇ ಉಲ್ಲಾಸ ಯಾರನ್ನಾದರೂ ಒರಸಿಕೊಂಡು ಮುಂದೆ ನುಗ್ಗುವನು. ಗೋಪುರದಿಂದ ದಂಡ ಬೀಳುವುದು. ದಂಡ ಬಿದ್ದ ಮೇಲೆ ಬೇರೆಯವರು ಬಾಲ ಮುದುರುತ್ತಿದ್ದರು, ಇವನು ಮಾತ್ರ ಆಗ ಶುರು ಮಾಡುತ್ತಿದ್ದ.

ಗೋಪುರದಲ್ಲಿ ಮುಖ್ಯ ತೀರ್ಪುಗಾರರಾಗಿದ್ದವರು ಸೋಮಯ್ಯ. ಮಡಿಕೇರಿಯವರು, ತಾವೂ ಒಂದು ಕಾಲಕ್ಕೆ ಕಾರು ಓಡಿಸಿ ಎರಡು ಸಲ ಕಾಲು ಮುರಿದುಕೊಂಡವರು. ಮೂರನೆಯ ಗೆಲುವಿನ ಮರುದಿನ ಇಂಚರಳನ್ನು ಗೋಪುರಕ್ಕೆ ಕರೆಸಿದ್ದರು. ಗೋಡೆ ತುಂಬ ಪರದೆಗಳು, ಕಿಟಕಿಯಾಚೆ ಹಿರಿಯೂರ ಹತ್ತಿರದ ಮರಡಿ ಟ್ರ್ಯಾಕಿನ ಕಪ್ಪು ತಿರುವುಗಳು, ಅದರಾಚೆಯ ಗುಡ್ಡಗಳ ಮೇಲೆ ತಿರುಗುತ್ತಿದ್ದ ಗಾಳಿಯಂತ್ರಗಳು.

"ಪಟ್ಟಿ ಸರಿಯಾಗೇ ಕೆಲಸ ಮಾಡ್ತಾ ಇದೆ, ನಾನೇ ನೋಡಿದೆ. ಆದ್ರೂ ನಿಮ್ಮ ತಮ್ಮ ದಂಡ ಬಿದ್ಮೇಲೆ ಇನ್ನೂ ಜೋರಾಗಿ ಹೋಗ್ತಾನೆ. ಏನಮ್ಮಾ ಇದು?" ಎಂದು ಕೇಳಿದರು ಸೋಮಯ್ಯ.

"ಧೈರ್ಯ ಜಾಸ್ತಿ ಸರ್ ಅವನಿಗೆ."

"ಧೈರ್ಯ ನಂಗೂ ಇತ್ತು" ಎಂದು ಅವರು ತಮ್ಮ ಮೊಣಕಾಲು ತಟ್ಟಿಕೊಂಡರು. "ಜೋಪಾನ ಅಷ್ಟೇ."

ಇಂಚರ ನಗುತ್ತ ಮೆಟ್ಟಿಲಿಳಿದು ಬಂದಳು. ಅವತ್ತು ಅವಳಿಗೆ ತನ್ನ ಬುದ್ಧಿಯ ಬಗ್ಗೆ ಬಹಳ ಹೆಮ್ಮೆ ಇತ್ತು.

ಲೈಟಿನ ಪ್ರಸಂಗವಾದ ಮರುದಿನ ಉಲ್ಲಾಸನ ಹೆಂಡತಿ ಭಾರ್ಗವಿ ಅಡಿಗೆಮನೆಗೆ ಬಂದು ಬಾಗಿಲು ಮುಂದಕ್ಕೆ ಮಾಡಿದಳು.

"ಅತ್ತಿಗೆ, ಇವರಿಗೆ ಏನೋ ಆಗಿದೆ. ನಾನು ಮಾತು ಮುಗಿಸೋಕೆ ಮುಂಚೆನೇ ಹ್ಞೂಂ ಅಂತಾರೆ. ನಿನ್ನೆ ಮಗು ಜೊತೆ ಚೆಂಡಾಡ್ತಾ ಇದ್ರು. ಚೆಂಡು ಇನ್ನೂ ಅಲ್ಲಿರೋವಾಗ್ಲೇ ಮುಷ್ಟಿ ಮುಚ್ತಾರೆ. ಮೂತಿಗೆ ಬಡೀತು."

"ಸುಸ್ತಾಗಿರ್ತಾನೆ ಕಣೇ. ಒಂದು ರೇಸ್ ತಾನೆ ಉಳಿದಿರೋದು?"

"ಆ ಪಟ್ಟಿ ಕಟ್ಕೊಂಡಾಗ ಸರಿ ಇರ್ತಾರೆ ಅತ್ತಿಗೆ. ಬಿಚ್ಚಿದಾಗ್ಲೇ ಹಿಂಗಾಗೋದು. ನಂಗೆ ಭಯ ಆಗ್ತಿದೆ."

ಇಂಚರ ಕೊತ್ತಂಬರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಹಾಲಿನಲ್ಲಿ ಆರು ವರ್ಷದ ಮಿಂಚು ಅಪ್ಪನ ಎದುರು ಕೂತು, ಹಾಡು ಹೇಳಿಕೊಂಡು ಅಂಗೈಗೆ ಅಂಗೈ ತಟ್ಟುವ ಆಟ ಆಡುತ್ತಿದ್ದಳು. ಅದು ಇಂಚರ ಚಿಕ್ಕವಳಿದ್ದಾಗ ತಮ್ಮನಿಗೆ ಕಲಿಸಿದ ಆಟ. ಹಾಡು ಕೇಳಿಸುತ್ತಿತ್ತು. ಚಪ್ಪಾಳೆ ಕೇಳಿಸುತ್ತಿರಲಿಲ್ಲ. "ಅಪ್ಪಾ, ನೀನು ಬೇಗ ಬೇಗ ಬರ್ತೀಯ, ಮೋಸ!" ಎಂದು ಮಗು ಕಿರುಚಿತು. ಇಂಚರಳ ಚಾಕು ಬೆರಳಿಗೆ ತಾಗಿತು. ನಿಜವನ್ನು ಆಗಲೇ ಹೇಳಿಬಿಡಬೇಕಿತ್ತು. ಒಂದೇ ರೇಸ್, ಅದು ಮುಗಿದ ಮೇಲೆ ಪಟ್ಟಿಯನ್ನು ಮೂಲೆಗೆ ಎಸೆದು ಡಾಕ್ಟರ ಹತ್ತಿರ ಹೋಗೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅವಳು ಬೆರಳನ್ನು ನಲ್ಲಿಯ ಕೆಳಗೆ ಹಿಡಿದಳು.

ಅಂಕಗಳಲ್ಲಿ ಎಲ್ಲರಿಗಿಂತ ಮುಂದಿದ್ದುದರಿಂದ ಭಾನುವಾರ ಉಲ್ಲಾಸನಿಗೆ ಮೊದಲ ಸ್ಥಾನದಿಂದಲೇ ಹೊರಡುವ ಅವಕಾಶ ಸಿಕ್ಕಿತ್ತು. ಮೊದಲ ಮೂವರಲ್ಲಿ ಒಬ್ಬನಾಗಿ ಮುಗಿಸಿದರೆ ವರ್ಷದ ಚಾಂಪಿಯನ್. ಅವನ ಮುಂದೆ ತಳ್ಳಲು ಯಾರೂ ಇರಲಿಲ್ಲ.

"ಇವತ್ತು ಯಾರನ್ನೂ ಮುಟ್ಬೇಡ. ದಂಡ ಗಿಂಡ ಏನೂ ಬೇಡ. ಚೊಕ್ಕವಾಗಿ ಓಡ್ಸು, ಸಾಕು" ಎಂದಳು ಇಂಚರ ಅವನ ಹೆಲ್ಮೆಟ್ಟಿನ ಬೆಲ್ಟ್ ಬಿಗಿಯುತ್ತ. ಅವಳು ಜೀವಮಾನದಲ್ಲಿ ಅವನಿಗೆ ಕೊಟ್ಟ ಅತಿ ಕೆಟ್ಟ ಸಲಹೆ ಅದೇ ಎಂದು ಅವಳಿಗಾಗಲಿ ಅವನಿಗಾಗಲಿ ಗೊತ್ತಿರಲಿಲ್ಲ.

ಹೊರಡುವ ಸೂಚನೆಯ ದೀಪ ಆರುವುದಕ್ಕೂ ಅವನ ಕಾರು ಚಿಮ್ಮುವುದಕ್ಕೂ ಸರಿಹೋಯಿತು. ಜನ ಹೋ ಎಂದರು. ಕಾರು ನಿಲ್ಲಿಸಿ ಸರಿಮಾಡುವ ಪಿಟ್ಟಿನ ಗೋಡೆಯ ಬಳಿ ಪರದೆಯ ಮುಂದೆ ಕೂತ ಇಂಚರ ಮೊದಲ ತಿರುವಿನಲ್ಲೇ ಮುಂದಕ್ಕೆ ಬಾಗಿದಳು. ಪರದೆಯ ಮೇಲೆ ಅವನು ಸ್ಟೀರಿಂಗ್ ತಿರುಗಿಸಿದ್ದನ್ನು ತೋರಿಸುವ ಗೆರೆ ಓಡುತ್ತದೆ. ಆ ಗೆರೆ ತಿರುವಿಗೆ ಮುಂಚೆಯೇ ಏಳುತ್ತಿತ್ತು. ಎರಡನೆಯ ತಿರುವಿನಲ್ಲೂ ಹಾಗೆಯೇ. ವರ್ಷವಿಡೀ ವಿಳಂಬದಲ್ಲಿ ಓಡಿಸಿದ ಕೈ ಇಂದು ವಿಳಂಬವಿಲ್ಲದೆ ಓಡಿಸುತ್ತಿತ್ತು. ತಡವನ್ನು ತುಂಬಿಕೊಳ್ಳಲು ಕಲಿತ ಮೆದುಳು ಮುಂಚಿತವಾಗಿ ಹೊರಡುತ್ತಲೇ ಇತ್ತು, ತಡೆಯುವ ತಡವೇ ಈಗ ಇರಲಿಲ್ಲ.

"ಅಕ್ಕ" ಎಂದಿತು ರೇಡಿಯೋ. "ಅಕ್ಕ, ಕಾರು ತಾನಾಗೇ ತಿರುಗ್ತಾ ಇದೆ."

"ಇಲ್ಲ ಉಲ್ಲಾಸ, ನೀನೇ ತಿರುಗಿಸ್ತಾ ಇದ್ದೀಯ. ಒಂಚೂರು ತಡ ಮಾಡು. ತಿರುವು ಬಂತು ಅಂತ ಅನ್ನಿಸಿದ ಮೇಲೂ ಒಂದು ಕ್ಷಣ ಕಾಯಿ."

"ನಾನಲ್ಲ ಅಕ್ಕ! ಯಾರೋ ಓಡಿಸ್ತಾ ಇದಾರೆ. ನಾನು ಮಾಡೋಕೆ ಮುಂಚೆನೇ ಮಾಡ್ತಾ ಇದಾರೆ."

ಅವನು ಆ ಯಾರನ್ನೋ ಎದುರಿಸಲು ಶುರುಮಾಡಿದ. ಕಾರು ಎಡಕ್ಕೆ ಹೊರಟಿತೆಂದು ಅನ್ನಿಸಿದರೆ ಬಲಕ್ಕೆ ಎಳೆದ. ಗೆರೆ ಗರಗಸದ ಹಲ್ಲಿನ ಹಾಗೆ ಕುಣಿಯತೊಡಗಿತು. ನಿಧಾನ ಮಾಡು ಎಂದು ಇಂಚರ ಕೂಗಿದಾಗ ಅವನು ಎಲ್ಲರೂ ಬ್ರೇಕ್ ಹಾಕುವ ಜಾಗಕ್ಕಿಂತ ಎಷ್ಟೋ ಮೊದಲೇ ಬ್ರೇಕ್ ತುಳಿದ. ಬೆನ್ನ ಹಿಂದೆ ಅಂಟಿಕೊಂಡು ಬರುತ್ತಿದ್ದ ಕಾರು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಮಣ್ಣಿಗಿಳಿದು ಧೂಳೆಬ್ಬಿಸಿತು. ಪಿಟ್ಟಿಗೆ ಬಾ ಎನ್ನುವ ಹಾಗೂ ಇರಲಿಲ್ಲ. ಪಿಟ್ಟಿನ ದಾರಿ ಎರಡು ಕಾಂಕ್ರೀಟ್ ಗೋಡೆಗಳ ನಡುವೆ ಇಕ್ಕಟ್ಟಾಗಿ ಹೋಗುತ್ತದೆ. ಮೊದಲೇ ತಿರುಗಿಸಿದರೆ ಸೀದಾ ಗೋಡೆಯ ಮೂಲೆಗೆ ಬಡಿಯುತ್ತಾನೆ.

ಇಂಚರ ತಿರುಗಿ ನೋಡಿದಳು. ಹಿಂದೆ ಗ್ಯಾರೇಜಿನಲ್ಲಿ ಭಾರ್ಗವಿ ನಿಂತಿದ್ದಳು. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡ ಮಿಂಚು ಅವಳ ಸೆರಗು ಹಿಡಿದುಕೊಂಡು ಪರದೆಯನ್ನು ನೋಡಿ ನಗುತ್ತಿದ್ದಳು, ಅಪ್ಪ ಎಲ್ಲರಿಗಿಂತ ಮುಂದಿದ್ದಾನೆಂದು.

ಗೋಡೆಯ ಮೇಲೆ ಒಂದು ಹಳದಿ ಫೋನ್ ಇದೆ. ಎಲ್ಲ ತಂಡಗಳಿಗೂ ಇದೆ, ಅದು ನೇರ ಗೋಪುರಕ್ಕೆ ಹೋಗುತ್ತದೆ. ಅದರಲ್ಲಿ ತಂಡದವರು ಎದುರಾಳಿಗಳ ಮೇಲೆ ದೂರು ಹೇಳುವುದು ವಾಡಿಕೆ. ಅವನು ನಮ್ಮವನನ್ನು ತಳ್ಳಿದ, ದಂಡ ಹಾಕಿ, ಎಂದು. ಇಂಚರ ಅದನ್ನು ಎತ್ತಿಕೊಂಡಳು.

"ಹೇಳಮ್ಮಾ. ಯಾರ ಮೇಲೆ ದೂರು?" ಎಂದರು ಸೋಮಯ್ಯ.

"ಉಲ್ಲಾಸನ ಮೇಲೆ ಸರ್. ಅವನಿಗೆ ವಿಳಂಬ ಹಾಕಿ. ಈಗಲೇ ಹಾಕಿ."

"ಏನು?"

"ನಮ್ಮ ಡ್ರೈವರ್‌ಗೆ ದಂಡ ಹಾಕಿ ಸರ್. ನಿಮ್ಮ ಕಾಲಿಗೆ ಬೀಳ್ತೀನಿ."

"ತಲೆ ಕೆಟ್ಟಿದೆಯೇನಮ್ಮಾ? ಅವನು ಒರಟಾಗಿ ಓಡಿಸ್ತಿದ್ದಾನೆ, ಆದ್ರೆ ಯಾರನ್ನೂ ಮುಟ್ಟಿಲ್ಲ. ತಪ್ಪಿಲ್ದೆ ದಂಡ ಹಾಕೋಕೆ ನಿಯಮ ಇಲ್ಲ. ಹಾಕಿದ್ರೆ ನಾಳೆ ನೀವೇ ನನ್ ಮೇಲೆ ಕೇಸ್ ಹಾಕ್ತೀರಿ."

ತಪ್ಪು ಇತ್ತು. ಅದನ್ನು ಹೇಳಬೇಕಿತ್ತು. ಪಟ್ಟಿಯ ಮೊಹರು ಒಡೆದವರ ಡ್ರೈವರಿಗೆ ಜೀವಮಾನವಿಡೀ ಲೈಸೆನ್ಸ್ ಇಲ್ಲ, ಮೇಲ್ಮನವಿಯೂ ಇಲ್ಲ ಎಂದು ನಿಯಮ. ಇಂಚರ ಪರದೆಯ ಮೇಲಿನ ಸುತ್ತುಗಳ ಲೆಕ್ಕ ನೋಡಿದಳು. ಇನ್ನು ಕೆಲವೇ ಸುತ್ತು. ಅವನು ಗಟ್ಟಿಗ, ಹೇಗೋ ಸುಧಾರಿಸಿಕೊಂಡಾನು. ಅವನಿಗೆ ಕಾರು ಬಿಟ್ಟು ಬೇರೆ ಏನೂ ಬಾರದು, ಬೇಕಾಗಿಯೂ ಇಲ್ಲ. ಕೈಗೆ ಬಂದ ತುತ್ತನ್ನು ಅವನ ಬಾಯಿಂದ ಕಿತ್ತುಕೊಳ್ಳುವವಳು ಅವನ ಅಕ್ಕನೇ ಆಗಬೇಕೆ? ಅಷ್ಟರಲ್ಲಿ ಗಾಳಿ ತಿರುವು ಎಂದು ಎಲ್ಲರೂ ಕರೆಯುವ ಜಾಗದಲ್ಲಿ ಅವನ ಕಾರಿನ ಹಿಂದಿನ ಚಕ್ರ ಗೋಡೆಗೆ ಉಜ್ಜಿ ಕಿಡಿ ಹಾರಿತು. ಆ ಟ್ರ್ಯಾಕಿನಲ್ಲಿ ಅತಿ ವೇಗದ ತಿರುವು ಅದೇ, ಸತ್ತ ಆ ಡ್ರೈವರ್ ಬಡಿದದ್ದೂ ಅಲ್ಲೇ. ರೇಡಿಯೋದಲ್ಲಿ ಉಲ್ಲಾಸ ಅಳುತ್ತಿದ್ದ.

"ತಪ್ಪಿದೆ ಸರ್" ಎಂದಳು ಇಂಚರ. "ಹೆಚ್ಚುವರಿ ಪಟ್ಟಿಯ ಮೊಹರು ಒಡೆದಿದ್ದೀನಿ. ವರ್ಷ ಪೂರ್ತಿ ಅವನ ಕತ್ತಿಗೆ ಕಟ್ಟಿ ಮನೇಲಿ ಅಭ್ಯಾಸ ಮಾಡ್ಸಿದ್ದೀನಿ. ಅವನ ಕೈ ಈಗ ವಿಳಂಬಕ್ಕೆ ಒಗ್ಗಿಹೋಗಿದೆ. ವಿಳಂಬ ಇಲ್ದೆ ಹೋದ್ರೆ ಎಲ್ಲಾನೂ ಮುಂಚೆನೇ ಮಾಡ್ತಾನೆ. ಸಾಯ್ತಾನೆ ಸರ್ ಅವನು. ಹಾಕಿ!"

"ಕೆಂಪು ಬಾವುಟ ತೋರ್ಸ್ತೀನಿ, ರೇಸ್ ನಿಲ್ಲಿಸ್ತೀನಿ" ಎಂದರು ಸೋಮಯ್ಯ.

"ಬೇಡ ಸರ್! ಬಾವುಟ ಕಂಡ್ರೆ ಎಲ್ರಿಗಿಂತ ಮೊದಲು ಬ್ರೇಕ್ ತುಳೀತಾನೆ, ಹಿಂದಿನವರೆಲ್ಲ ಬಂದು ಗುದ್ದುತಾರೆ. ಮೊದಲು ವಿಳಂಬ. ಆಮೇಲೆ ಬಾವುಟ."

ಸೋಮಯ್ಯನವರ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಪಕ್ಕದವರನ್ನು ಕೇಳುತ್ತಿದ್ದರು, ನಿಯಮದ ಪುಟ ತಿರುವುತ್ತಿದ್ದರು. ಅವರು ಗುಂಡಿ ಒತ್ತಿದರು. ಪರದೆಯ ಮೇಲೆ ಉಲ್ಲಾಸನ ಹೆಸರಿನ ಪಕ್ಕ ದಂಡದ ಕೇಸರಿ ಚುಕ್ಕೆ ಹತ್ತಿತು. ಗ್ಯಾರೇಜಿನಲ್ಲಿ ಹುಡುಗರೆಲ್ಲ "ಅಯ್ಯೋ, ಯಾಕೆ?" ಎಂದು ತಲೆ ಮೇಲೆ ಕೈ ಹೊತ್ತರು. ಇಂಚರ ಗೆರೆಯನ್ನೇ ನೋಡುತ್ತಿದ್ದಳು. ಗೆರೆ ಕುಣಿಯಿತು, ಮತ್ತೊಮ್ಮೆ ಕುಣಿಯಿತು. ಗಾಳಿ ತಿರುವು ಮತ್ತೆ ಹತ್ತಿರವಾಗುತ್ತಿತ್ತು. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. ಗೆರೆ ತಿರುವಿನ ಜೊತೆಗೇ ಎದ್ದು, ತಿರುವಿನ ಜೊತೆಗೇ ಇಳಿಯಿತು.

"ಅಕ್ಕ, ಬಂತು" ಎಂದ ಉಲ್ಲಾಸ. ದನಿಯಲ್ಲಿ ಅಳುವೂ ನಗುವೂ ಇತ್ತು. "ನನ್ ಕೈ ನಂಗೆ ವಾಪಸ್ ಬಂತು. ಇನ್ನು ನೋಡು, ಯಾರೂ ನನ್ನ ಹಿಡಿಯೋಕಾಗಲ್ಲ."

ಅವನ ಮುಂದೆ ಕೆಂಪು ಬಾವುಟ ಬಿಚ್ಚಿಕೊಂಡಿತು.

ವಿಚಾರಣೆ ಗೋಪುರದಲ್ಲೇ ನಡೆಯಿತು. ಉಲ್ಲಾಸ ಕತ್ತಿಗೆ ಪಟ್ಟಿ ಕಟ್ಟಿಕೊಂಡೇ ಕೂತಿದ್ದ. ಎಲ್ಲ ತಾನೇ ಮಾಡಿಸಿದ್ದು, ಶಿಕ್ಷೆ ತನಗೇ ಕೊಡಿ ಎಂದು ಇಂಚರ ಅಂಗಲಾಚಿದಳು. ಸೋಮಯ್ಯ ಕನ್ನಡಕ ತೆಗೆದು ಕಣ್ಣೊರಸಿಕೊಂಡರು.

"ನಿಯಮದಲ್ಲಿ ದಂಡ ಇರೋದು ಡ್ರೈವರ್‌ಗೆ ಮಾತ್ರ ಕಣಮ್ಮಾ. ಎಂಜಿನಿಯರ್‌ಗೆ ಅಂತ ಯಾರೂ ಬರ್ದಿಲ್ಲ. ನಿನಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ."

ಉಲ್ಲಾಸನ ಲೈಸೆನ್ಸ್ ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ವಿಳಂಬವನ್ನು ದಿನದಿನಕ್ಕೆ ಚೂರುಚೂರೇ ಇಳಿಸುತ್ತ ಬಂದರೆ ಮಾತ್ರ ಮೆದುಳು ಮೊದಲಿನ ಹಾದಿಗೆ ಬಂದೀತು, ಒಮ್ಮೆಗೇ ಪಟ್ಟಿ ಬಿಚ್ಚಿದರೆ ರಸ್ತೆ ದಾಟುವುದೂ ಅಪಾಯ ಎಂದರು ಡಾಕ್ಟರು. ಆದರೆ ಲೈಸೆನ್ಸ್ ಇಲ್ಲದವನು ಪಟ್ಟಿ ಧರಿಸುವಂತಿಲ್ಲ, ಅದೂ ನಿಯಮ. ಉಳಿದ ತೀರ್ಪುಗಾರರು ಮುಖ ಮುಖ ನೋಡಿಕೊಂಡರು.

"ಪಟ್ಟಿ ಸಾಕ್ಷ್ಯ" ಎಂದರು ಸೋಮಯ್ಯ ನಿಧಾನವಾಗಿ. "ಸಾಕ್ಷ್ಯ ಕೆಟ್ಟುಹೋಗದ ಹಾಗೆ ನೋಡ್ಕೊಳ್ಳೋದು ನಮ್ಮ ಜವಾಬ್ದಾರಿ. ದಿನಾ ಬೆಳಿಗ್ಗೆ ಪರೀಕ್ಷೆ ಮಾಡ್ಬೇಕು. ಯಾವ ಕತ್ತಿಗೆ ಕಟ್ಟಿದ್ರೋ ಅದೇ ಕತ್ತಿಗೆ ಕಟ್ಟಿ ಪರೀಕ್ಷೆ ಮಾಡ್ಬೇಕು. ಸಂಜೆ ತನಕ. ಏನಂತೀರಿ ಡಾಕ್ಟ್ರೇ?"

ರಂಗೋಲಿ ಕೆಳಗೆ ತೂರುವುದು ಅವರಿಗೂ ಬರುತ್ತಿತ್ತು. ಡಾಕ್ಟರು ಕೆಮ್ಮಿ, ಆಗಬಹುದು ಎಂದರು.

ಉಲ್ಲಾಸ ದಿನಾ ಗೋಪುರಕ್ಕೆ ಹೋಗಿ ಬಂದ. ಇಂಚರಳ ಜೊತೆ ಮಾತು ಬಿಟ್ಟ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು, ಅವನು ಬೈಯಲೂ ಇಲ್ಲ. ಊಟಕ್ಕೆ ಕೂತರೆ ಉಪ್ಪು ಬೇಕೆಂದೂ ಅವಳನ್ನು ಕೇಳುತ್ತಿರಲಿಲ್ಲ, ಎದ್ದು ಹೋಗಿ ತಂದುಕೊಳ್ಳುತ್ತಿದ್ದ. ಅವಳು ಮಾತ್ರ ಅವನ ಪ್ರತಿಯೊಂದು ಚಲನೆಯನ್ನೂ ಕಳ್ಳಿಯಂತೆ ಗಮನಿಸುತ್ತಿದ್ದಳು. ಲೋಟ ಸಿಗುವ ಮೊದಲೇ ಕೈ ಮುಚ್ಚಿತೋ, ಹೊಸಿಲಿಗೆ ಮುಂಚೆಯೇ ಕಾಲೆತ್ತಿದನೋ? ಕೆಲವು ದಿನ ಸರಿ ಹೋಯಿತೆನ್ನಿಸುತ್ತಿತ್ತು. ಮರುದಿನ ಅವನು ಸ್ವಿಚ್ಚಿನ ಮುಂದೆ ನಿಂತು ಬೆರಳು ನೋಡಿಕೊಳ್ಳುತ್ತಿದ್ದ. ಇದು ಪೂರ್ತಿ ವಾಸಿಯಾಗುತ್ತದೆಂದು ಡಾಕ್ಟರು ಒಮ್ಮೆಯೂ ಹೇಳಿರಲಿಲ್ಲ. ಸಂಜೆ ಸಂಜೆ ಹಾಲಿನಿಂದ ಮಿಂಚುವಿನ ಹಾಡು ಬರುತ್ತಿತ್ತು. ಇಂಚರ ಅಡಿಗೆಮನೆಯಲ್ಲಿ ಒಲೆ ಆರಿಸಿ ಚಪ್ಪಾಳೆಗಾಗಿ ಕಾಯುತ್ತಿದ್ದಳು.

ಯುಗಾದಿಯ ಹಿಂದಿನ ದಿನ ಅದು ಕೇಳಿಸಿತು. ಒಂದು ಸಲ. ನಡುವೆ ತಪ್ಪಿತು. ಮತ್ತೆ ಎರಡು ಸಲ. ಆಮೇಲೆ ಹಾಡಿನ ಉದ್ದಕ್ಕೂ, ತಾಳ ಹಾಕಿದ ಹಾಗೆ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಕಣ್ಣು ತೆರೆದಾಗ ಬಾಗಿಲಲ್ಲಿ ಉಲ್ಲಾಸ ನಿಂತಿದ್ದ. ಕತ್ತಿನಲ್ಲಿ ಪಟ್ಟಿ ಇರಲಿಲ್ಲ, ಅದು ಇದ್ದ ಜಾಗದಲ್ಲಿ ಬಿಳಿಚಿದ ಗುರುತು ಮಾತ್ರ ಇತ್ತು. ಅವನು ಎರಡೂ ಅಂಗೈಗಳನ್ನು ಅವಳ ಮುಂದೆ ಎತ್ತಿ ಹಿಡಿದ, ಚಿಕ್ಕವನಿದ್ದಾಗ ಆಟಕ್ಕೆ ಕರೆಯುತ್ತಿದ್ದ ಹಾಗೆ.

ಇಂಚರ ಸೆರಗಿಗೆ ಕೈ ಒರಸಿಕೊಂಡಳು. ಅವನ ಕೈ ಸರಿಯಾದ ಹೊತ್ತಿಗೆ ಮುಂದೆ ಬಂತು. ಅವಳದು ಎತ್ತಬೇಕೆಂದರೂ ಏಳಲಿಲ್ಲ, ಎದ್ದಾಗ ಅವನ ಅಂಗೈ ಗಾಳಿಯನ್ನು ತಟ್ಟಿ ಹಿಂದಕ್ಕೆ ಹೋಗಿಬಿಟ್ಟಿತ್ತು.

"ಲೇಟು ಅಕ್ಕ" ಎಂದ ಉಲ್ಲಾಸ. "ಮತ್ತೆ ಶುರು ಮಾಡು."